ಟಾಕಿ ರಿಪೇರಿಯವನ ಕೈಗೆ ಕೊಟ್ಟ ದೋಣಿ

ಹೆಂಡತಿಯ ದೋಣಿಗೆ ತೂತು ಬಿದ್ದ ಸುದ್ದಿ ನನಗಿಂತ ಮೊದಲು ನನ್ನ ಅಂಗಡಿಯ ಗಿರಾಕಿಗೆ ಗೊತ್ತಾಗಿತ್ತು. ಭಾಲ್ಕಿಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ ಬಿಪಿ ಗುಳಿಗೆಗೆ ಬಂದ ಹಿರಿಯರೊಬ್ಬರು, ಕಾರಂಜಾ ಹಿನ್ನೀರಿನಲ್ಲಿ ನಿಮ್ಮ ಮನೆಯ ಬಾಯಿಯವರ ದೋಣಿ ಕಲ್ಲಿಗೆ ಬಡಿದು ಒಡೆಯಿತಂತಲ್ಲ ಎಂದು ಸಾವಕಾಶವಾಗಿ ಹೇಳಿ, ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು. ದೋಣಿ ಒಡೆಯಿತು ಸರಿ, ಅದರೊಳಗೆ ಕೂತವಳು ಎಲ್ಲಿ? ಅದನ್ನು ಕೇಳಿದರೆ ಅವರಿಗೆ ಗೊತ್ತಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು ನಾನು ಮೋಟರ್ ಸೈಕಲ್ ಹತ್ತುವಷ್ಟರಲ್ಲಿ ಅವಳೇ ಟಂಟಂ ಆಟೋದಿಂದ ಇಳಿದಳು. ಮೊಣಕಾಲಿನ ತನಕ ಕರಿ ಕೆಸರು. ಮುಖ ಮಾತ್ರ ಮದುವೆಗೆ ಹೋಗಿ ಬಂದವರ ಹಾಗೆ ತಿಳಿಯಾಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಆಣೆಕಟ್ಟಿನ ನೀರು ಬೇಗ ಇಳಿದಿತ್ತು. ಆಣೆ ಕಟ್ಟುವಾಗ ಮುಳುಗಿದ ಹೊಲಗಳಲ್ಲಿ ಹಳೇ ಬಾವಿಗಳಿವೆ. ಅಂಥದ್ದೊಂದರ ಕಟ್ಟೆ ನೀರಿನ ಅಡಿಯಲ್ಲಿ ಕಾಣದೆ ನಿಂತಿತ್ತು. ದೋಣಿಯ ಎಡಗಡೆ ಹೊಟ್ಟೆ ಅದಕ್ಕೆ ತಾಗಿ ಅಂಗೈಯಷ್ಟು ಕಿತ್ತುಹೋಗಿತ್ತು. ದಂಡೆ ಹತ್ತಿರವೇ ಇದ್ದುದರಿಂದ ಅವಳು ಇಳಿದು ಎಳೆದುಕೊಂಡು ಬಂದಿದ್ದಳು.

ಬೀದರ ಜಿಲ್ಲೆಯಲ್ಲಿ ಹಾಯಿದೋಣಿ ಎಲ್ಲಿಂದ ಬಂತು ಎಂದು ಕೇಳುವವರು ಇನ್ನೂ ಇದ್ದಾರೆ, ಆದ್ದರಿಂದ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಅಂಕೋಲೆ ಕಡೆಯವಳು. ಅವಳ ತಂದೆ ಕಾಲೇಜು ಹುಡುಗರಿಗೆ ಸಮುದ್ರದಲ್ಲಿ ಹಾಯಿ ನಡೆಸುವುದನ್ನು ಕಲಿಸುತ್ತಿದ್ದವರು. ಇಬ್ಬರು ಕೂರಬಹುದಾದ ಒಂದು ಹಳೇ ಫೈಬರ್ ದೋಣಿಯನ್ನು ಅವರು ತಾವೇ ಸರಿಮಾಡಿ, ನೀಲಿ ಬಣ್ಣ ಹಚ್ಚಿ ಇಟ್ಟುಕೊಂಡಿದ್ದರು. ಮಗಳು ನಡೆಯುವುದಕ್ಕಿಂತ ಮೊದಲು ಅದರಲ್ಲಿ ಕೂತಿದ್ದಳಂತೆ. ಮುಂದೆ ಅವಳು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಕೆಲಸ ಸಿಕ್ಕು ಭಾಲ್ಕಿಗೆ ಬಂದಳು. ಮೊದಲ ಬೇಸಿಗೆಯಲ್ಲೇ ಮೈತುಂಬ ಬೆವರುಸಾಲೆ ಎದ್ದು ಪೌಡರ್ ಕೇಳಿಕೊಂಡು ನನ್ನ ಅಂಗಡಿಗೆ ಬಂದಳು. ಒಂದು ಡಬ್ಬಿ ಪೌಡರಿನಿಂದ ಶುರುವಾದದ್ದು ಮದುವೆಗೆ ಹೋಗಿ ಮುಟ್ಟಿತು. ನಮಗೆ ಮಕ್ಕಳಿಲ್ಲ. ಅದರ ಸಂಕಟ ಬೇರೆ, ಇಲ್ಲಿ ಬೇಡ.

ಈ ಊರನ್ನು ಅವಳು ದೂರಿದ್ದು ಕಡಿಮೆ. ಜೋಳದ ರೊಟ್ಟಿ ಬಡಿಯಲು ಕಲಿತಳು, ಅತ್ತೆಮನೆಯವರ ಮರಾಠಿ ಕಲಿತಳು, ಮಾತಿಗೊಮ್ಮೆ ‘ರಿ’ ಸೇರಿಸಲು ಕಲಿತಳು. ಆದರೆ ಏಪ್ರಿಲ್ ಬಂತೆಂದರೆ ಮಾಳಿಗೆಯ ಮೇಲೆ ನಿಂತು ಪಡುವಣ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ಇರುತ್ತಿದ್ದಳು. ಏನು ನೋಡ್ತಿ ಎಂದರೆ, ಏನಿಲ್ಲ, ಗಾಳಿ ಬರ್ತದೋ ನೋಡ್ತೇನೆ ಎನ್ನುತ್ತಿದ್ದಳು. ಅವಳ ತಂದೆ ತೀರಿಕೊಂಡ ವರ್ಷ ದೋಣಿ ಅವಳ ಪಾಲಿಗೆ ಬಂತು, ಲಾರಿಯಲ್ಲಿ ಭಾಲ್ಕಿಗೂ ಬಂತು. ಬಸ್ ಸ್ಟ್ಯಾಂಡಿನ ಮುಂದೆ ಅದನ್ನು ನೋಡಲು ಕೂಡಿದ ಜನಕ್ಕೆ ಪೊಲೀಸರು ಬಂದು ದಾರಿ ಬಿಡಿಸಬೇಕಾಯಿತು. ಕೇಳಬೇಕಾದವರನ್ನು ಕೇಳಿ, ಒಪ್ಪಿಗೆ ಪಡೆದು, ಹಿನ್ನೀರಿನ ದಂಡೆಗೆ ಹೊಂದಿದ ನಮ್ಮ ಬೀಗರ ಹೊಲದ ಬೇವಿನ ಮರದ ಕೆಳಗೆ ದೋಣಿ ಇಟ್ಟೆವು. ಅಲ್ಲಿಂದ ಎರಡು ವರ್ಷ ಭಾನುವಾರ ತಪ್ಪಿಸಿದವಳಲ್ಲ.

ದೋಣಿ ಬಂದ ಮೇಲೆ ಅವಳಿಗೆ ನಿದ್ದೆ ಚೆನ್ನಾಗಿ ಬರತೊಡಗಿತು. ನನ್ನ ನಿದ್ದೆ ಹೋಯಿತು. ನನಗೆ ಈಜು ಬಾರದು. ನಮ್ಮ ಮನೆತನದಲ್ಲೇ ಸೊಂಟ ಮೀರಿದ ನೀರಿಗೆ ಇಳಿದವರಿಲ್ಲ. ಅವಳು ನೀರಿನ ನಡುವೆ ಹೋದಾಗಲೆಲ್ಲ ನಾನು ದಂಡೆಯ ಮೇಲೆ ಕೂತು, ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಆದರೆ ಒಳಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಈ ದೋಣಿ ಅವಳಿಗೆ ತವರನ್ನು ನೆನಪು ಮಾಡಿಕೊಡುತ್ತಿದೆ, ಒಂದು ದಿನ ಇದರ ಹಿಂದೆಯೇ ಅವಳು ಹೊರಟುಹೋಗುತ್ತಾಳೆ ಎನ್ನುವುದೇ ಆ ಹೆದರಿಕೆ. ಜಗಳವಾಡಿ ಹೋಗುವವಳಲ್ಲ. ರಜೆಗೆಂದು ಹೋಗಿ, ರಜೆ ಬೆಳೆಸಿ, ಹಾಗೇ ಉಳಿದುಬಿಡುವ ಪೈಕಿ.

ಆದ್ದರಿಂದಲೇ ಅವಳ ಅಣ್ಣನ ಫೋನು ಬಂದಾಗ ನಾನು ಹುಷಾರಾದೆ. ದೋಣಿಯನ್ನು ಅಂಕೋಲೆಗೆ ಕಳಿಸಿ, ಇಲ್ಲಿ ಫೈಬರ್ ಕೆಲಸದವರು ಬೇಕಾದಷ್ಟು ಇದ್ದಾರೆ, ತಂಗಿಯೂ ಜೊತೆಗೆ ಬರಲಿ, ಹೇಗೂ ಕಾಲೇಜಿಗೆ ಬೇಸಿಗೆ ರಜೆ, ಮಳೆಗಾಲ ಮುಗಿಸಿಕೊಂಡೇ ಹೋಗಲಿ ಎಂದು ಆತ ಪ್ರೀತಿಯಿಂದಲೇ ಹೇಳಿದ. ಮಳೆಗಾಲ ಅಂದರೆ ಆ ಕಡೆ ಎಷ್ಟು ಉದ್ದ ಎಂದು ನನಗೆ ಗೊತ್ತು. ಹೆಂಡತಿ ನನ್ನ ಮುಖ ನೋಡಿದಳು. ಹಿತ್ತಲ ಗಿಡ ಮದ್ದಲ್ಲ ಎಂದಾಯಿತೇ, ಬೀದರ ಜಿಲ್ಲೆಯಲ್ಲಿ ಒಂದು ತೂತು ಮುಚ್ಚುವವರು ಇಲ್ಲವೇ ಎಂದು ನಾನು ಧ್ವನಿ ಏರಿಸಿದೆ. ಜೂನ್ ಗಾಳಿ ಬೀಸುವ ಮೊದಲು ಕೆಲಸ ಮುಗಿಯಬೇಕು ಎಂದಷ್ಟೇ ಅವಳು ಹೇಳಿದಳು. ಅವಳಿಗೆ ಬೇರೆ ತಾಲೂಕಿನಲ್ಲಿ ಪರೀಕ್ಷೆಯ ಡ್ಯೂಟಿ ಬಿದ್ದಿತ್ತು, ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದಳು. ಹುಡುಕುವ ಕೆಲಸ ನನ್ನ ತಲೆಯ ಮೇಲೆ ಬಂತು.

ನಮ್ಮ ಕಡೆ ರಿಪೇರಿಗೆ ಯಾರ ಹತ್ತಿರ ಕೊಡಬೇಕು ಎಂಬುದಕ್ಕೆ ಒಂದು ಪದ್ಧತಿ ಇದೆ. ಮೊದಲು ಅವನ ಅಂಗಡಿಯ ಮುಂದೆ ಅವನದೇ ಗಾಡಿ ಯಾವ ಸ್ಥಿತಿಯಲ್ಲಿದೆ ನೋಡಬೇಕು. ತನ್ನ ಗಾಡಿಯನ್ನು ತಳ್ಳಿ ಚಾಲೂ ಮಾಡುವವನ ಹತ್ತಿರ ನಿಲ್ಲಬಾರದು. ಆಮೇಲೆ ಕೈಗುಣ ವಿಚಾರಿಸಬೇಕು. ವೈದ್ಯರಿಗಿದ್ದ ಹಾಗೆ ಮಿಸ್ತ್ರಿಗಳಿಗೂ ಕೈಗುಣ ಇರುತ್ತದೆ ಎಂದು ಎಷ್ಟೋ ಔಷಧ ಮಾರಿದ ನಾನೂ ನಂಬುತ್ತೇನೆ. ಕೊನೆಗೆ, ಸಂಬಂಧಿಕರೊಬ್ಬರಾದರೂ ಅವನ ಪರವಾಗಿ ಮಾತಾಡಿರಬೇಕು. ನಾಳೆ ಕೆಟ್ಟರೆ ಬೈಯಲು ಒಬ್ಬರು ಬೇಕಲ್ಲ.

ಮೊದಲು ಬೀದರಿಗೆ ಹೋದೆ. ಕೋಟೆಯ ರಸ್ತೆಯಲ್ಲಿ ಕಾರುಗಳ ಡೆಂಟಿಂಗ್ ಪೇಂಟಿಂಗ್ ಮಾಡುವ ಒಬ್ಬರಿದ್ದಾರೆ. ಅವರ ಅಜ್ಜನ ಕಾಲದಲ್ಲಿ ಅದು ಟಾಂಗಾ ಮಾಡುವ ಜಾಗವಾಗಿತ್ತಂತೆ. ಮೊಬೈಲಿನಲ್ಲಿ ಒಡೆದ ಜಾಗದ ಚಿತ್ರ ತೋರಿಸಿದೆ. ಅವರು ಅದನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದರು. “ಫಿಕರ್ ಮಾಡಬ್ಯಾಡ್ರಿ ಸಾಬ್, ಹಿಂಗ ಚಮಕಾಯಿಸಿ ಕೊಡ್ತೀನಿ, ತೂತ ಎಲ್ಲಿತ್ತಂತ ನಿಮ್ಗೇ ಸಿಗಂಗಿಲ್ಲ” ಎಂದರು. ಹೇಗೆ ಮುಚ್ಚುತ್ತೀರಿ ಎಂದರೆ ಪುಟ್ಟಿ ತುಂಬಿ ಮೂರು ಕೈ ಬಣ್ಣ ಎಂದರು. ಅಂಗಡಿಯ ಮುಂದೆ ಅವರದೇ ಕಾರು ಕನ್ನಡಿಯಂತೆ ಹೊಳೆಯುತ್ತ ನಿಂತಿತ್ತು, ಆದರೆ ಅದರ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಹೊಳಪಿನ ಮೇಲೆ ಹೆಂಡತಿಯನ್ನು ಕೂರಿಸಿ ನೀರಿಗೆ ಬಿಡುವ ಧೈರ್ಯ ನನಗೆ ಬರಲಿಲ್ಲ. ಚಹಾ ಕುಡಿಸಿದರು, ಕುಡಿದು ಬಂದೆ.

ನನ್ನ ಅಕ್ಕನನ್ನು ಔರಾದಿಗೆ ಕೊಟ್ಟಿದೆ. ಅವಳಿಗೆ ಫೋನು ಮಾಡಿದ್ದೇ ತಡ, ತನ್ನ ಮನೆಯ ಹಿಂದೆ ಟ್ರ್ಯಾಕ್ಟರಿನ ಟ್ರಾಲಿ ಕಟ್ಟುವವನಿದ್ದಾನೆ, ಅವನ ಕೈಯಲ್ಲಿ ಆಗದ ಕೆಲಸವಿಲ್ಲ ಎಂದಳು. ಠಾಣಾ ಕುಶನೂರಿನ ಮೇಲೆ ಹಾಯ್ದು ಔರಾದಿಗೆ ಹೋದೆ. ಟ್ರಾಲಿಯವನು ಚಿತ್ರ ನೋಡಿ, ಆ ಪ್ಲಾಸ್ಟಿಕ್ ಭಾಗವನ್ನು ಪೂರಾ ಕತ್ತರಿಸಿ ತೆಗೆದು ಕಬ್ಬಿಣದ ತಗಡು ಕೂರಿಸಿ ಬೋಲ್ಟು ಹೊಡೆಯುತ್ತೇನೆ, ಕಲ್ಲಿಗಲ್ಲ, ಗುಂಡಿಗೂ ಜಗ್ಗುವುದಿಲ್ಲ ಎಂದ. ತೇಲುತ್ತದೆಯೇ ಎಂದು ಕೇಳಿದೆ. ಅದು ನನ್ನ ಕೆಲಸ ಅಲ್ಲ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಬೇರೆಯೇ ಮಾತು ತೆಗೆದಳು.

“ಸುಧಾರ್ಸೋದು ಯಾಕ? ಒಡದ್ರ ಒಡೀಲಿ ಬಿಡು. ಒಡದ ಮ್ಯಾಲ ಅಕಿ ಮನ್ಯಾಗ ಕುಂದರ್ತಾಳ.”

ನಾನು ಎರಡನೇ ರೊಟ್ಟಿ ಹಾಕಿಸಿಕೊಳ್ಳದೆ ಎದ್ದೆ. ಅಕ್ಕನ ಮೇಲೆ ಸಿಟ್ಟು ಬಂದಿತ್ತು. ಅದೇ ವಿಚಾರ ನನ್ನ ತಲೆಯಲ್ಲೂ ಒಮ್ಮೆ ಹಾಯ್ದು ಹೋಗಿತ್ತು, ಅದಕ್ಕೇ ಅಷ್ಟು ಸಿಟ್ಟು. ದೋಣಿ ಇಲ್ಲದ ಭಾನುವಾರ ಅವಳು ಹೇಗೆ ಕೂರುತ್ತಾಳೆ ಎಂಬುದನ್ನು ನಾನು ಕಂಡವನು. ಕಳೆದ ಎರಡು ಭಾನುವಾರ ಅವಳು ಮನೆಯ ಪಾತ್ರೆಯನ್ನೆಲ್ಲ ತೆಗೆದು ತೊಳೆದಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆದಿದ್ದಳು.

ಕೊನೆಗೆ ಮನಸ್ಸು ನಿಂತದ್ದು ಭಾಲ್ಕಿಯಲ್ಲೇ ಇರುವ ಟಾಕಿ ರಿಪೇರಿಯವನ ಮೇಲೆ. ಭಾತಂಬ್ರಾದವನು, ನನಗಿಂತ ಸ್ವಲ್ಪ ಚಿಕ್ಕವನು, ಮಾಳಿಗೆಯ ಮೇಲಿನ ನೀರಿನ ಟಾಕಿಗಳು ಒಡೆದರೆ ಇಡೀ ತಾಲೂಕು ಅವನನ್ನೇ ಕರೆಯುತ್ತದೆ. ಫೈಬರ್ ಬಟ್ಟೆ, ಅಂಟು ರಸ ಎಲ್ಲ ಅವನ ಹತ್ತಿರವೇ ಇರುತ್ತವೆ. ನಮ್ಮ ಮನೆಯ ಟಾಕಿ ಸುಧಾರಿಸಿ ಎಷ್ಟೋ ವರ್ಷವಾಯಿತು, ಇಂದಿಗೂ ಗೋಡೆ ಒಣಗಿದೆ. ಅವನ ಸ್ಕೂಟರ್ ಒಂದೇ ಒದೆತಕ್ಕೆ ಚಾಲೂ ಆಗುತ್ತದೆ. ಕೈಗುಣದ ಬಗ್ಗೆ ಎರಡು ಮಾತಿಲ್ಲ. ಪದ್ಧತಿಯ ಪ್ರಕಾರ ಎಲ್ಲ ಸರಿಯಿತ್ತು. ಟ್ರ್ಯಾಕ್ಟರಿನಲ್ಲಿ ಹೇರಿ ತಂದ ದೋಣಿಯನ್ನು ಅವನು ತನ್ನ ಅಂಗಡಿಯ ಮುಂದೆ ಸುತ್ತು ಹಾಕಿ ತಟ್ಟಿ ನೋಡಿ, ಇದೂ ಒಂದು ಟಾಕಿನೇ, ಮುಚ್ಚಳ ಇಲ್ಲ ಅಷ್ಟೇ ಎಂದಾಗ ನನಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

ಹೆಂಡತಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಫೈಬರ್ ಬಟ್ಟೆ ಮೂರು ಪದರ ಹಾಕಲಿ, ಹಾಕುವ ಮೊದಲು ಮರಳು ಕಾಗದದಿಂದ ಚೆನ್ನಾಗಿ ಉಜ್ಜಲಿ, ಎರಡು ಬಿಸಿಲು ಒಣಗಲಿ ಎಂದಳು. ನಾನು ಅಂಗಡಿ ಬಿಟ್ಟು ಅವನ ಹತ್ತಿರ ನಿಂತೇ ಮಾಡಿಸಿದೆ. ಉಜ್ಜಿದ. ಮೂರು ಪದರ ಹಾಕಿದ, ಇನ್ನೊಂದು ಇರಲಿ ಎಂದು ನಾನು ಹೇಳಿದ್ದಕ್ಕೆ ನಾಲ್ಕನೆಯದನ್ನೂ ಹಾಕಿದ. ಹೊರಗಡೆ ಸಂದಿಗೆ ಪುಟ್ಟಿ ತುಂಬಿ ನೀಲಿ ಬಣ್ಣ ಹೊಡೆದ. ಎರಡು ಬಿಸಿಲು ಒಣಗಿಸಿದ ಮೇಲೆ ಪರೀಕ್ಷೆ ಮಾಡೋಣ ಎಂದ. ದೋಣಿಯನ್ನು ಹಳೇ ಟೈರುಗಳ ಮೇಲೆ ಇಟ್ಟು, ಪೈಪು ಬಿಟ್ಟು, ಕಂಠಪೂರ್ತಿ ನೀರು ತುಂಬಿಸಿದ.

ಅವನ ಅಂಗಡಿಯ ಮುಂದೆ ಜಾತ್ರೆಯೇ ಕೂಡಿತು. ದಾರಿಯಲ್ಲಿ ಹೋಗುವವರು ನಿಂತು ಬಗ್ಗಿ ಕೆಳಗೆ ಕೈಯಾಡಿಸಿ ನೋಡಿದರು. ಒಣಾ. ಮರುದಿನ ಬೆಳಿಗ್ಗೆ ನೋಡಿದರೆ ನೀರು ತುಂಬಿದ ಗೆರೆಯಿಂದ ಕೂದಲೆಳೆಯೂ ಇಳಿದಿರಲಿಲ್ಲ, ನೆಲದ ಮಣ್ಣು ಒಣಗಿಯೇ ಇತ್ತು. ಬಂದವರೆಲ್ಲ ಟಾಕಿಯವನ ಬೆನ್ನು ತಟ್ಟಿದರು. ಸಾಲಿಯ ಮಾಸ್ತರರೂ ತಟ್ಟಿದರು, ನಾನೂ ತಟ್ಟಿದೆ. ಆ ಗುಂಪಿನಲ್ಲಿ ಒಬ್ಬನಿಗಾದರೂ ಹೊಳೆಯಬಾರದೇ ಎಂದು ಈಗ ಅನ್ನಿಸುತ್ತದೆ. ಹೊಳೆಯಲಿಲ್ಲ. ನಮಗೆ ಗೊತ್ತಿರುವ ನೀರೆಲ್ಲ ಕೊಡದಲ್ಲಿ, ಹಂಡೆಯಲ್ಲಿ, ಟಾಕಿಯಲ್ಲಿ ಇರುವ ನೀರು. ಅಂಕೋಲೆಯ ಭಾವನಿಗೆ ನಾನೇ ಫೋನು ಮಾಡಿ, ಕೆಲಸ ಇಲ್ಲೇ ಆಯಿತು, ಪರೀಕ್ಷೆಯೂ ಪಾಸಾಯಿತು ಎಂದು ಹೇಳಿ ಮೀಸೆ ತಿರುವಿಕೊಂಡೆ.

ಹೆಂಡತಿ ಶನಿವಾರ ಬಂದಳು. ಒಳಗೆ ಬಗ್ಗಿ ತೇಪೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿ ಚಲೋ ಮಾಡಿದ್ದಾನೆ ಎಂದಳು. ಹೊರಗೆ ಬಣ್ಣ ನುಣ್ಣಗಿತ್ತು, ಅಲ್ಲಿಯೂ ಹಾಗೇ ಬಟ್ಟೆಯ ಪದರ ಹಾಕಿದ್ದಾನೆ ಎಂದು ತಿಳಿದಳು. ಯಾವ ದೋಣಿಯವನೂ ಹಾಗೇ ಮಾಡುತ್ತಾನೆ, ಕೇಳುವ ಮಾತೇ ಅಲ್ಲ ಅದು.

ಭಾನುವಾರ ಟಾಕಿಯವನೂ ಬಂದ. ರಿಪೇರಿ ಮಾಡಿದವನು ಮೊದಲ ಟ್ರಾಯಲ್‌ಗೆ ಎದುರಿಗೆ ಇರಬೇಕು ಎನ್ನುವುದು ನಮ್ಮಲ್ಲಿ ಮರ್ಯಾದೆ. ಹೊಸ ಟವಲು ಹೊದ್ದು, ತೆಂಗಿನಕಾಯಿ ಹಿಡಿದು ಬಂದಿದ್ದ. ಕಾಯಿ ಒಡೆದೆವು. ಹೆಂಡತಿ ಲೈಫ್ ಜಾಕೆಟ್ ತೊಟ್ಟು, ಮೊಬೈಲು ನನ್ನ ಕಿಸೆಯಲ್ಲಿ ಹಾಕಿ, ದೋಣಿಯನ್ನು ನೀರಿಗೆ ತಳ್ಳಿ ಹತ್ತಿ ಕೂತಳು. ಹಾಯಿ ಏರಿತು. ಗಾಳಿ ಎಡದಿಂದ ಬೀಸುತ್ತಿತ್ತು, ದೋಣಿ ಬಲಕ್ಕೆ ವಾಲಿ ಸರಸರ ಹೊರಟಿತು. ನಾನು ಎಂದಿನಂತೆ ಹರಕೆಗೆ ಶುರುಮಾಡಿದೆ. ಟಾಕಿಯವನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ.

ಹಿನ್ನೀರಿನ ಅರ್ಧಕ್ಕೆ ಹೋಗಿ ಅವಳು ದೋಣಿಯನ್ನು ನಮ್ಮ ಕಡೆ ತಿರುಗಿಸಿದಳು. ಈಗ ಗಾಳಿ ಇನ್ನೊಂದು ಮಗ್ಗುಲಿಗೆ ಬಿತ್ತು, ದೋಣಿ ಎಡಕ್ಕೆ ವಾಲಿತು. ಸ್ವಲ್ಪ ದೂರ ಚೆನ್ನಾಗಿಯೇ ಬಂತು. ಆಮೇಲೆ ಓಟ ಕಡಿಮೆಯಾಯಿತು. ಅವಳು ಬಗ್ಗಿ ಕೈಯಲ್ಲಿ ಏನನ್ನೋ ಒತ್ತಿ ಹಿಡಿದ ಹಾಗೆ ಕಂಡಿತು. ಮತ್ತೆ ಎದ್ದಳು, ಮತ್ತೆ ಬಗ್ಗಿದಳು, ಬಕೆಟ್ಟಿನಿಂದ ನೀರು ಎತ್ತಿ ಹೊರಗೆ ಚೆಲ್ಲತೊಡಗಿದಳು. ದೋಣಿಯ ನೀಲಿ ಅಂಚು ನೀರಿಗೆ ಸಮೀಪ ಬಂದಿತ್ತು. ನಾನು ಎದ್ದು ನಿಂತೆ.

ಪಕ್ಕದಲ್ಲಿ ಟಾಕಿಯವನು ಚಿತ್ರ ತೆಗೆಯುವುದನ್ನು ನಿಲ್ಲಿಸಿದ್ದ. ಬಹಳ ಮೆಲ್ಲಗೆ, ತನಗೇ ಹೇಳಿಕೊಳ್ಳುವವನ ಹಾಗೆ ಮಾತಾಡಿದ.

“ಸಾಹೇಬ್ರ, ನೀರು ಹೊರಗಿಂದ ದಬ್ಬಲಾಕತ್ತದ್ರಿ. ನಾ ಒಳಗಿಂದ ತೇಪಿ ಹಚ್ಚೇನಿ. ನೀರು ಹೊರಗ ಹೋಗಬಾರದಂತ ಹಚ್ಚೇನ್ರಿ ನಾ, ಒಳಗ ಬರಬಾರದಂತ ಹಚ್ಚಿಲ್ಲ.”

ಆ ಮಾತು ನನ್ನ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಟಾಕಿಗೆ ತೇಪೆ ಒಳಗಿನಿಂದಲೇ ಹಚ್ಚಬೇಕು. ತುಂಬಿದ ನೀರು ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ದೋಣಿಗೆ ಅದೇ ನೀರು ಹೊರಗಿನಿಂದ ಒತ್ತಿ, ಪುಟ್ಟಿಯನ್ನು ಕಿತ್ತು, ತೇಪೆಯನ್ನು ಒಳಕ್ಕೆ ಸುಲಿದುಬಿಟ್ಟಿತ್ತು. ನಾವು ಒಂದು ರಾತ್ರಿ ಪೂರ್ತಿ ನೀರು ತುಂಬಿಸಿ ಬೆನ್ನು ತಟ್ಟಿಕೊಂಡದ್ದು ತಲೆಕೆಳಗಾದ ಪರೀಕ್ಷೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎದುರಿಗೆ ನಿಂತು ನಾಲ್ಕನೇ ಪದರ ಹಾಕಿಸಿದವನು ನಾನೇ ಅಲ್ಲವೇ?

ಅಷ್ಟರಲ್ಲಿ ಅವಳು ನನಗೆ ಅರ್ಥವಾಗದ ಕೆಲಸ ಮಾಡಿದಳು. ನಮ್ಮ ದಂಡೆ ಅಷ್ಟು ಹತ್ತಿರ ಕಾಣುತ್ತಿದ್ದರೂ ದೋಣಿಯ ಮೂತಿಯನ್ನು ತಿರುಗಿಸಿ, ನಮಗೆ ಬೆನ್ನು ಹಾಕಿ, ಆಚೆ ದಂಡೆಯ ಕಡೆ ಹೊರಟಳು. ನಾನು ಕೈ ಬೀಸಿದೆ. ಟಾಕಿಯವನು ಟವಲು ಬೀಸಿದ. ಅವಳು ತಿರುಗಿ ನೋಡಲಿಲ್ಲ. ಹಾಯಿ ಸಣ್ಣದಾಗುತ್ತ ಹೋಯಿತು. ಎಷ್ಟೋ ದಿನಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆದರಿಕೆ ಕಣ್ಣ ಮುಂದೆ ನಡೆಯುತ್ತಿದೆ ಎನ್ನಿಸಿ ನಾನು ಕೆಸರಿನಲ್ಲೇ ಕೂತುಬಿಟ್ಟೆ. ಸೊಂಟದ ತನಕ ನೀರಿಗೆ ಇಳಿದವನು ಟಾಕಿಯವನೇ, ಅವನಿಗೂ ಈಜು ಬಾರದು. ಅವನನ್ನು ಎಳೆದು ತಂದದ್ದು ನಾನು.

ಹಾಯಿ ಕಣ್ಣಿಗೆ ಕಾಣದಾದಾಗ ಅವನ ಸ್ಕೂಟರ್ ಹತ್ತಿದೆವು. ಆಚೆ ದಂಡೆಗೆ ರಸ್ತೆಯ ಮೇಲೆ ಹೋಗಬೇಕೆಂದರೆ ಹಿನ್ನೀರನ್ನು ಪೂರಾ ಸುತ್ತಬೇಕು. ಡಾಂಬರು ಮುಗಿದು ಕಚ್ಚಾ ರಸ್ತೆ, ಅದೂ ಮುಗಿದು ಹೊಲದ ಬದು. ಕಿಸೆಯಲ್ಲಿ ಅವಳ ಮೊಬೈಲು. ಅವಳಿಗೆ ಫೋನು ಮಾಡೋಣವೆಂದರೆ ಅವಳ ಫೋನು ನನ್ನ ಹತ್ತಿರವೇ ಇದೆ ಎಂಬುದು ಪ್ರತಿ ಸಲ ಮರೆತು ನಾನು ನನ್ನ ಫೋನು ತೆಗೆಯುತ್ತಿದ್ದೆ. ಟಾಕಿಯವನು ದಾರಿಯುದ್ದಕ್ಕೂ ನೀರಿನ ಕಡೆಗೇ ನೋಡುತ್ತ ಸ್ಕೂಟರ್ ಓಡಿಸಿದ.

ಅವಳು ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ದೋಣಿ ಪಕ್ಕದಲ್ಲಿ ಕೆಸರಿಗೆ ಒರಗಿತ್ತು. ಮೈಯೆಲ್ಲ ತೊಯ್ದು, ತುಟಿ ಬಿಳುಪೇರಿದ್ದರೂ ಪೆಟ್ಟಾಗಿರಲಿಲ್ಲ. ಯಾಕೆ ಈ ಕಡೆ ಬಂದಿ, ನಾವು ಅಲ್ಲಿದ್ದೆವಲ್ಲ ಎಂದು ನಾನು ಬೈದೇಬಿಟ್ಟೆ. ಅವಳು ಅಂಗೈಯನ್ನು ದೋಣಿ ಮಾಡಿ ತೋರಿಸಿದಳು. ನಿಮ್ಮ ಕಡೆ ಬಂದಿದ್ದರೆ ದೋಣಿ ಎಡಕ್ಕೆ ವಾಲಿ ತೂತು ನೀರಿನ ಕೆಳಗೇ ಇರುತ್ತಿತ್ತು, ಈ ಕಡೆ ಬಂದರೆ ಬಲಕ್ಕೆ ವಾಲಿ ತೂತು ಮೇಲೆ ಬರುತ್ತದೆ, ನಿಮ್ಮಿಂದ ದೂರ ಹೋದದ್ದಕ್ಕೇ ಉಳಿದದ್ದು ಎಂದಳು. ಟಾಕಿಯವನು ಅವಳ ಕಾಲಿಗೆ ಬೀಳಲು ಹೋದ. ಅವಳು ತಡೆದು, ನಿಮ್ಮ ತೇಪೆ ಟಾಕಿಗೆ ಚಿನ್ನದಂಥದ್ದು, ತಪ್ಪು ನೋಡದೆ ಕೂತ ನನ್ನದು ಎಂದಳು. ಅವನು ಆಚೆ ಹೋಗಿ ಸ್ಕೂಟರಿನ ಹತ್ತಿರ ಮುಖ ತಿರುಗಿಸಿ ನಿಂತ.

ದೋಣಿಯನ್ನು ಅಂಕೋಲೆಗೆ ಕಳಿಸೋಣ ಎಂದು ಈ ಸಲ ನಾನೇ ಅಂದೆ. ಅವಳು ಹಾಯಿಯ ಹಗ್ಗ ಸುತ್ತುತ್ತ ಕೇಳಿದಳು.

“ನಾನು ಹೋದ್ರೆ ತಿರುಗಿ ಬರೋದಿಲ್ಲ ಅಂತ ಹೆದರಿಕೆ ಅಲ್ವಾ ನಿಮಗೆ?”

ನಾನು ಹೌದೆಂದು ತಲೆ ಆಡಿಸಿದೆ. ಸುಳ್ಳು ಹೇಳುವಷ್ಟು ಬಲ ಮೈಯಲ್ಲಿ ಇರಲಿಲ್ಲ.

“ನಂಗೂ ಅದೇ ಹೆದರಿಕೆ” ಎಂದಳು.

ನೀನು ಬಂದೇ ಬರ್ತಿ ಎಂದು ನಾನು ಅನ್ನಬಹುದಿತ್ತು, ಬಂದೇ ಬರ್ತೇನೆ ಎಂದು ಅವಳು ಅನ್ನಬಹುದಿತ್ತು. ಅದನ್ನು ಬಿಟ್ಟು ಇಬ್ಬರೂ ದೋಣಿಯ ಕೆಸರು ತೊಳೆದೆವು.

ಆ ವಾರವೇ ದೋಣಿ ಹೋಯಿತು, ಅವಳೂ ಹೋದಳು. ಲಾರಿಯಲ್ಲಿ ಹಗ್ಗ ಬಿಗಿದವನು ಟಾಕಿಯವನು. ಅಲ್ಲಿಂದ ನನ್ನ ದಿನಗಳು ಬಿಸಿ ತುಪ್ಪವಾದವು, ನುಂಗಲೂ ಆಗದು ಉಗುಳಲೂ ಆಗದು. ಒಂದು ಗುಳಿಗೆ ಕೇಳಿದವರಿಗೆ ಇನ್ನೊಂದು ಕೊಟ್ಟು, ಬೀದಿಯ ತನಕ ಓಡಿ ವಾಪಸು ತಂದೆ. ಅವಳು ದಿನಾ ಫೋನು ಮಾಡುತ್ತಿದ್ದಳು. ಮೀನಿನ ಮಾತು, ಅತ್ತಿಗೆಯ ಮಾತು, ಮೊದಲ ಮಳೆ ಬಂದ ಮಾತು. ಅವಳ ನಾಲಿಗೆ ಕರಾವಳಿಗೆ ತಿರುಗುತ್ತಿರುವುದು ಕೇಳಿಸುತ್ತಿತ್ತು. ‘ರಿ’ ಒಂದೊಂದಾಗಿ ಉದುರುತ್ತಿದ್ದವು. ನಾನು ಎಂದೂ ಯಾವಾಗ ಬರ್ತಿ ಎಂದು ಕೇಳಲಿಲ್ಲ. ಟಾಕಿಯವನು ದಿನವೂ ಅಂಗಡಿಗೆ ಬಂದು, ತಲೆನೋವಿನ ನೆಪ ಮಾಡಿ, ಬಾಯಿಯವರ ಸುದ್ದಿ ಏನ್ರಿ ಎನ್ನುತ್ತಿದ್ದ. ಅಕ್ಕ ಔರಾದಿನಿಂದ ಫೋನು ಮಾಡಿ, ನಾ ಹೇಳಿದ್ದೆ ಎನ್ನುವುದನ್ನು ಬಾಯಿ ಬಿಟ್ಟು ಹೇಳದೆಯೇ ಹೇಳುತ್ತಿದ್ದಳು.

ಕಾಲೇಜು ತೆರೆಯುವ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ ಅವಳ ಫೋನು ಬಂತು. ದೋಣಿ ಸುಧಾರಿಸಿತು ಎಂದಳು. ಒಳಗೆ ಹೊರಗೆ ಎರಡೂ ಕಡೆ ಹಾಕಿದ್ದಾರೆ, ನಿನ್ನೆ ಹೊಳೆಯ ಬಾಯಲ್ಲಿ ಅಣ್ಣನ ಜೊತೆ ನಡೆಸಿ ನೋಡಿದೆ, ಹನಿ ನೀರು ಬರಲಿಲ್ಲ ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ದೋಣಿಯನ್ನು ಇಲ್ಲೇ ಅಣ್ಣನ ಹತ್ತಿರ ಬಿಡುತ್ತೇನೆ, ನಾನೊಬ್ಬಳೇ ಬಸ್ಸಿಗೆ ಹತ್ತುತ್ತೇನೆ, ನಾಡಿದ್ದು ಮನೆಯಲ್ಲಿರುತ್ತೇನೆ.

ಇಷ್ಟು ದಿನ ಹರಕೆ ಹೊತ್ತದ್ದು ಇದಕ್ಕೇ. ಅವಳು ಬರುತ್ತಾಳೆ, ನೀರಿಗೆ ಇಳಿಯುವುದಿಲ್ಲ, ಭಾನುವಾರ ಮನೆಯಲ್ಲಿರುತ್ತಾಳೆ. ನನ್ನ ಎರಡೂ ಹೆದರಿಕೆ ಒಂದೇ ಏಟಿಗೆ ಮುಗಿದವು. ನಾನು ಹೂಂ ಅನ್ನಬೇಕು, ಅಷ್ಟೇ. ಆದರೆ ಅವಳು ಆ ಮಾತು ಹೇಳಿದ ಧ್ವನಿ ಎಷ್ಟು ಸಪಾಟಾಗಿತ್ತೆಂದರೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವವಳ ಕೈ ನನಗೆ ಕಂಡಿತು. ಅವಳು ನನಗೋಸ್ಕರ ತನ್ನನ್ನೇ ಅರ್ಧ ಅಲ್ಲಿ ಬಿಟ್ಟು ಬರುತ್ತಿದ್ದಳು. ಹಾಗೆ ಬಂದವಳ ಜೊತೆ ಒಂದೇ ಮನೆಯಲ್ಲಿ ಇರುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

“ದೋಣಿ ಬಿಟ್ಟು ಬರಬ್ಯಾಡ” ಎಂದೆ. ಗಿರಾಕಿಗಳು ತಿರುಗಿ ನೋಡಿದರು. “ಅದನ್ನ ತಗೊಂಡೇ ಬಾ. ಇಲ್ದಿದ್ರ ಬರಬ್ಯಾಡ.”

ಆಚೆ ಕಡೆ ಮಳೆ ಹೊಯ್ಯುವುದು ಕೇಳಿಸುತ್ತಿತ್ತು. ಯಾವ ಹೆಂಗಸು ಬರುವುದಿಲ್ಲವೇನೋ ಎಂದು ಇಷ್ಟು ದಿನ ಜೀವ ಕೈಯಲ್ಲಿ ಹಿಡಿದಿದ್ದೆನೋ, ಅವಳಿಗೆ ಬರಬ್ಯಾಡ ಎಂಬ ಮಾತನ್ನು ನನ್ನ ಬಾಯಿಂದಲೇ ಅಂದಿದ್ದೆ. ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನಿಸಿತು. ತೆಗೆದುಕೊಳ್ಳಲಿಲ್ಲ.

“ಲಾರಿ ಸಿಗೋದು ಈ ಮಳೆಯಲ್ಲಿ ತಡ ಆಗ್ತದೆ” ಎಂದಳು ಕೊನೆಗೆ. “ಎಷ್ಟು ತಡ ಅಂತ ನಂಗೆ ಹೇಳೋಕೆ ಬರೋದಿಲ್ಲರಿ.”

ಎಷ್ಟೋ ದಿನಗಳ ಮೇಲೆ ಆ ‘ರಿ’ ಕೇಳಿ, ಆಗಲಿ ಎಂದೆ. ಫೋನು ಇಟ್ಟು, ಎದುರಿಗೆ ನಿಂತಿದ್ದವರಿಗೆ ಏನು ಬೇಕು ಎಂದು ಕೇಳಿದೆ. ಅವರು ಮೊದಲೇ ಹೇಳಿದ್ದರಂತೆ, ಮತ್ತೊಮ್ಮೆ ಹೇಳಿದರು.